ದುಂಡವ್ವನ ಬಾವಿ, ಅಳಿಯನ ರುಮಾಲು

ರುಮಾಲು ಬಿಚ್ಚಾಕ ಒಲ್ಲೆ ಅಂತೀರಂತ? ಇರ್ಲಿ ಬಿಡ್ರಿ ಅಳಿಯಂದ್ರ, ತಾಳಿ ಕಟ್ಟಾಕ ಇನ್ನೂ ಹೊತ್ತೈತಿ. ಬಾವಿ ಕಟ್ಟಿ ಮ್ಯಾಲ ಕುಂಡ್ರಿ, ಈ ಊರ ಮುದುಕಿ ಒಂದು ಮಾತು ಹೇಳ್ತೀನಿ.

ಈ ಊರಿಗೆ ಹೆಸರು ಇಲ್ಲದ ಕಾಲ. ಈ ಮಡ್ಡಿ ಮ್ಯಾಲ ಬರೇ ಕಲ್ಲು, ಮುಳ್ಳು, ಹಾವು. ಆವಾಗ ದೂರದ ಒಂದೂರಾಗ ದುಂಡವ್ವ ಅನ್ನಾಕಿ ಇದ್ಲಂತ. ಗಂಡ ಚಳಿಜ್ವರಕ್ಕ ತೀರಿಕೊಂಡ. ಮೂರೂ ಹೆಣ್ಣುಮಕ್ಕಳು. ಗಂಡುಮಗ ಇಲ್ಲದಾಕಿಗೆ ಹೊಲದಾಗ ಎಂಥಾ ಪಾಲು ಅಂದ್ರಂತ ಮೈದುನರು. ಆಕಿ ಜಗಳಾಡ್ಲಿಲ್ಲಂತ. ಮಕ್ಕಳನ್ನ ಮುಂದ ಬಿಟಗೊಂಡು, ಎಮ್ಮಿ ಹಗ್ಗ ಹಿಡಕೊಂಡು, ಗಂಡನ ಗುದ್ದಲಿ ಹೆಗಲಿಗೆ ಹಾಕ್ಕೊಂಡು ಹೊಂಟುಬಿಟ್ಲಂತ.

ಈ ಮಡ್ಡಿಗೆ ಬಂದಾಗ ಎಮ್ಮಿ ಕುಂತಿತು, ಏಳಲೇ ಇಲ್ಲ. ಅದಕ್ಕ ನೆಲದಾಗಿನ ನೀರಿನ ವಾಸನಿ ಹತ್ತಿತ್ತು ಅಂತಾರ ಮಂದಿ. ಏನ್ ವಾಸನಿ! ತುಂಬಿದ ಗಬ್ಬದ ಎಮ್ಮಿ, ಕಾಲು ಸೋತು ಕುಂತಿತ್ತು ಅಂತಿದ್ಲು ನಮ್ಮಜ್ಜಿ. ಆದ್ರ ದುಂಡವ್ವ ನಂಬಿದ್ಲು. ಎಮ್ಮಿ ಕುಂತಲ್ಲೇ ಗುದ್ದಲಿ ಹಾಕಿದ್ಲು. ತಾಯಿ ಅಗಿಯೂದು, ಮಕ್ಕಳು ಮಣ್ಣು ಹೊರೂದು. ಕುಡಿಯಾಕ ಎರಡು ಹರದಾರಿ ದೂರದ ಹಳ್ಳದ ನೀರು. ಹಿಂಗ ಮೂರು ವರ್ಷ ಅಂತಾರ, ಏಳು ವರ್ಷ ಅಂತಾರ. ಬಾವ್ಯಾಗ ಮಾತ್ರ ನೀರಿಲ್ಲ.

ಹಿರಿ ಮಗಳು ಸತ್ಯವ್ವ ಮದುವಿಗೆ ಬಂದ್ಲು. ನೀರಿಲ್ಲದ ಮಡ್ಡಿಗೆ ಹೆಣ್ಣು ನೋಡಾಕ ಯಾರು ಬರ್ತಾರ? ಕಡೀಕ ಒಂದು ಮನಿಯವರು ಬಂದ್ರು, ಐದು ಮಂದಿ. ಮನ್ಯಾಗ ಇದ್ದದ್ದು ಒಂದ ಕೊಡ ನೀರು. ಬಾಗಿಲಿಗೆ ಬಂದವರಿಗೆ ಕಾಲಿಗೆ ನೀರು ಕೊಡದ ಇರಾಕ ಬರತೈತೇನು? ಕೊಟ್ಲು. ಕಾಲು ತೊಳಕೊಂಡು ಕುಂತ ಹಿರಿಯಾ, ವರನ ಅಪ್ಪ, ಕುಡಿಯಾಕ ಒಂದು ತಂಬಗಿ ಕೇಳಿದ. ಕೊಡ ಖಾಲಿ. ಕುಡಿಯಾಕ ನೀರಿಲ್ಲದ ಮನಿ ಹೆಣ್ಣು ನಮಗ ಬ್ಯಾಡ ಅಂತ ಎದ್ದುಬಿಟ್ಟ. ಅಯ್ಯ ಶಿವನ, ಆಗ ಆ ತಾಯಿಗೆ ಹೆಂಗಾಗಿರಬೇಕು!

ದುಂಡವ್ವ ಅಳ್ಲಿಲ್ಲಂತ. ಸೀರಿ ಕಚ್ಚಿ ಹಾಕಿ ಬಾವಿಗೆ ಇಳದ್ಲಂತ. ಬೀಗರು ಬಂಡಿ ಕಟ್ಟಿದ್ರು, ನೋಡಿದ್ರ ವರ ಬರಮಪ್ಪನ ಇಲ್ಲ! ಅಂವ ಬಾವಿ ದಂಡಿ ಮ್ಯಾಲ ಇದ್ನಂತ. ಹೊಸ ರುಮಾಲು ಬಿಚ್ಚಿ ಸಿಂಬಿ ಸುತ್ತಿ, ಸತ್ಯವ್ವನ ತಲಿ ಮ್ಯಾಲಿನ ಮಣ್ಣಿನ ಬುಟ್ಟಿ ತನ್ನ ತಲಿಗೆ ತಗೊಂಡಿದ್ನಂತ. ಅಪ್ಪ ಕರದ, ಬೈದ, ಹೋದ. ಇವ ಹೋಗ್ಲಿಲ್ಲ.

ಎಂಟು ದಿನಕ್ಕ ತಳದಾಗ ಹಾಸುಗಲ್ಲು ಹತ್ತಿತು. ಗುದ್ದಲಿ ಬಾಯಿ ಮುರೀತು. ಸಗಣಿ ಕುಳ್ಳು ಒಟ್ಟಿ ಬೆಂಕಿ ಹಚ್ಚಿ ಕಲ್ಲು ಕಾಸಿದ್ರು. ಕಾದ ಕಲ್ಲಿಗೆ ತಣ್ಣೀರು ಸುರುವಿದ್ರ ಸೀಳತೈತಿ. ಆದ್ರ ಅವತ್ತೂ ಮನ್ಯಾಗ ಒಂದ ಕೊಡ.

"ಅತ್ತಿ, ನಾಳಿ ಕುಡಿಯಾಕ?" ಅಂದ್ನಂತ ಬರಮಪ್ಪ.

"ಇದ್ದದ್ದು ಕೊಡದ ಕೇಳಿದ್ರ ಭೂಮ್ತಾಯಿ ಹೆಂಗ ಕೊಟ್ಟಾಳೋ ತಮ್ಮಾ?" ಅಂದ್ಲು. ಕೊಡ ಬೋರಲು ಹಾಕಿದ್ಲು. ಕಲ್ಲು ಫಟ್ ಅಂತು. ಸೀಳಿನ್ಯಾಗಿಂದ ನೀರು ಜಿನುಗಿತು.

ಮೊದಲನೇ ಕೊಡ ತುಂಬಿದಾಗ ದುಂಡವ್ವ ಯಾರಿಗೂ ಮುಟ್ಟಗೊಡ್ಲಿಲ್ಲಂತ. ತಲಿ ಮ್ಯಾಲ ಹೊತ್ತು, ನಡಕೋತ, ಬರಮಪ್ಪನ ಅಪ್ಪನ ಮನಿಗೆ ಹೋದ್ಲು. ಅವತ್ತು ಕೇಳಿದ್ರಲ್ಲ ಬೀಗರ, ತಂದೀನಿ ಕುಡೀರಿ ಅಂದ್ಲು. ಆ ಹಿರಿಯಾ ತಂಬಗಿ ಬಾಯಿಗೆ ಹಚ್ಚಿದವ ಅತ್ತುಬಿಟ್ಟನಂತ.

ಸತ್ಯವ್ವ-ಬರಮಪ್ಪನ ಲಗ್ನ ಆತು, ಮುಂದ ಇಬ್ಬರು ತಂಗ್ಯಾರದೂ ಆತು, ಮೂರೂ ಅಳಿಯಂದ್ರು ಇಲ್ಲೇ ಉಳದ್ರು. ಅದಕ್ಕ ನಮ್ಮೂರಾಗ ಸತ್ಯವ್ವನ ಓಣಿ, ಬಾಳವ್ವನ ಓಣಿ, ನಿಂಬೆವ್ವನ ಓಣಿ. ನಾನು ಬಾಳವ್ವನ ಮರಿಮಗಳು. ಬ್ಯಾರೆ ಊರಾಗ ಮದುಮಗನಿಗೆ ಮೊದಲು ಕಾಲಿಗೆ ನೀರು. ಇಲ್ಲಿ ಅಳಿಯ ರುಮಾಲಿನ ಸಿಂಬಿ ಮಾಡಿ ಒಂದು ಬುಟ್ಟಿ ಹೂಳು ಹೊರಬೇಕು, ಅತ್ತಿ ಮೊದಲು ಕುಡಿಯಾಕ ಕೊಡಬೇಕು. ಆಮ್ಯಾಲ ಕಾಲಿಗೆ.

ಅಗಾ, ನಿಮ್ಮತ್ತಿ ತಂಬಗಿ ಹಿಡಕೊಂಡು ಆಗಿಂದ ನಿಂತಾಳ. ಆಂ? ಬಿಚ್ಚಾಕ ಹತ್ತಿರೇನು? ಶಾಣ್ಯಾರದೀರಿ. ಸಿಂಬಿ ಬಿಗಿಯಾಗಿ ಸುತ್ರಿ, ಬುಟ್ಟಿ ವಜ್ಜಿ ಐತಿ.