ಎರಡು ಚಿತ್ರಕ್ಕೆ ಒಂದು ಮೀಸೆ

ಹೀರೋ ಭೂಪತಿ ಒಂದೇ ತಿಂಗಳನ್ನು ಎರಡು ಚಿತ್ರಕ್ಕೆ ಕೊಟ್ಟು ಕೂತಿದ್ದ. ಪಾಳೇಗಾರನ ಪಾತ್ರಕ್ಕೆ ಸ್ವಂತ ಮೀಸೆಯೇ ಬೇಕು, ಅಂಟಿಸಿದ್ದು ಕೂಡದು ಎಂದು ಒಂದು ಕರಾರು. ಕಾಲೇಜು ಹುಡುಗನಿಗೆ ಮೀಸೆಯೇ ಇರಬಾರದು ಎಂದು ಇನ್ನೊಂದು. ಇಬ್ಬರು ನಿರ್ಮಾಪಕರೂ ಬಂದು ಅವನ ಕುರ್ಚಿಯ ಆಚೆ ಈಚೆ ನಿಂತರು.

ಭೂಪತಿ ಸೆಟ್ಟಿನ ಕ್ಷೌರಿಕ ತಿಮ್ಮರಾಯಪ್ಪನನ್ನು ಗದರಿದ. "ಇಬ್ಬರಿಗೂ ಬೇಜಾರಾಗಬಾರದು, ಹಾಗೆ ಮಾಡು. ಆಗಲ್ಲ ಅಂದ್ರೆ ನಾಳೆಯಿಂದ ಬರಬೇಡ."

"ಆಗಲಿ ಸಾರ್" ಎಂದು ತಿಮ್ಮರಾಯಪ್ಪ ಎಡಗಡೆ ಮೀಸೆಯನ್ನು ನುಣ್ಣಗೆ ಬೋಳಿಸಿ, ಕತ್ತಿ ಒರೆಸಿ, ಕನ್ನಡಿ ಹಿಡಿದ.

ಹೀರೋ ಚೀರಿದ. "ಏನಯ್ಯಾ ಇದು?"

"ಇವರಿಗೆ ಅರ್ಧ, ಅವರಿಗೆ ಅರ್ಧ ಸಾರ್. ತಿಂಗಳನ್ನೂ ನೀವು ಹಂಗೇ ಅಲ್ವಾ ಕೊಟ್ಟಿರೋದು?"

ನಿರ್ಮಾಪಕರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಬ್ಬರಿಗೂ ಬೇಜಾರಾಗಲಿಲ್ಲ, ಹಾಗಾಗಿ ತಿಮ್ಮರಾಯಪ್ಪನ ಕೆಲಸ ಉಳಿಯಿತು. ಅರ್ಧ ಮೀಸೆ ಇಟ್ಟುಕೊಂಡು ಯಾರು ತಿರುಗುತ್ತಾರೆ? ಮಿಕ್ಕಿದ್ದನ್ನೂ ತೆಗೆಸಿಕೊಂಡು ಭೂಪತಿ ಕಾಲೇಜಿಗೆ ಹೋದ. ಪಾಳೇಗಾರನ ಪಾತ್ರ ಅವನ ಡ್ಯೂಪ್ ಶಿವಲಿಂಗುವಿಗೆ ಬಂತು. ಹತ್ತು ವರ್ಷ ಕ್ಯಾಮೆರಾಕ್ಕೆ ಬರೀ ಬೆನ್ನು ತೋರಿಸಿದ್ದವನಿಗೆ ಮೀಸೆ ಮಾತ್ರ ಸ್ವಂತದ್ದಿತ್ತು.

ಮುಖ ಕಾಣುವ ಮೊದಲ ಶಾಟ್ ಮುಗಿಸಿದವನೇ ಶಿವಲಿಂಗು ಓಡಿಬಂದು, ಕಣ್ಣು ತುಂಬಿಕೊಂಡು ತಿಮ್ಮರಾಯಪ್ಪನ ಕಾಲಿಗೆ ಬಿದ್ದ.

ತಿಮ್ಮರಾಯಪ್ಪ ಅವನ ಭುಜ ಹಿಡಿದು ಎತ್ತಿದ. "ಏಳಪ್ಪಾ, ಇವತ್ತೂ ಬೆನ್ನೇ ತೋರಿಸ್ತೀಯಲ್ಲ!"