ಕೋರಂ ಮುರಿಯದ ಸಭೆ

೧೯೭೪ರ ಜುಲೈ ಹನ್ನೆರಡರಂದು ನನ್ನ ಡೈರಿಯಲ್ಲಿ ಬರೆದಿಟ್ಟ ಕಥೆ ಇದು. ಕಾಲುವೆಯ ಮೇಲಿನ ಬಿದಿರಿನ ಸೇತುವೆ ಬಿರುಕು ಬಿಟ್ಟಿತ್ತು. ಸೇತುವೆಯ ಮೇಲಿನ ಓಡಾಟ ಮುಚ್ಚಿಸಲೆಂದು ಕಾರ್ಯದರ್ಶಿ ಇರುವೆ ಸಾರಿಗೆ ಆಯೋಗದ ಸಭೆ ಕರೆದಳು. ಮೂವರಿದ್ದರೆ ಕೋರಂ. ಅಧ್ಯಕ್ಷ ಆಮೆ ಬೆಳಗ್ಗೆಯೇ ಬಂದಿದ್ದ. ಬಸವನಹುಳು ಮಧ್ಯಾಹ್ನಕ್ಕೆ ತಲುಪಿದ.

“ಮೊದಲು ಹಿಂದಿನ ಸಭೆಯ ನಡವಳಿ ಓದಮ್ಮ,” ಎಂದ ಆಮೆ.

ಓದುತ್ತಿದ್ದ ಇರುವೆಗೆ ಆಚೆ ದಡದಲ್ಲಿ ಮೊಟ್ಟೆ ಹೊತ್ತು ಬರುತ್ತಿದ್ದ ಅಕ್ಕ ಕಂಡಳು. “ಅಧ್ಯಕ್ಷರೇ, ಓಡಿಹೋಗಿ ಅಕ್ಕನನ್ನು ತಡೆದು ಬರುತ್ತೇನೆ!”

“ನೀನೆದ್ದರೆ ಕೋರಂ ಮುರಿಯುತ್ತದೆ.”

“ಮತ್ತೊಮ್ಮೆ ಕರೆದರೆ ನಾನು ತಲುಪುವುದು ದೀಪಾವಳಿಗೇ, ತಾಯಿ,” ಎಂದು ಬಸವನಹುಳು ನಕ್ಕ.

ಇರುವೆ ಕುಳಿತಳು. ಉಸಿರು ಬಿಡದೆ ಓದಿ ಮುಗಿಸಿದಳು. ಸೇತುವೆ ಮುಚ್ಚುವ ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ಅಷ್ಟರಲ್ಲಿ ಬಿದಿರು ಮುರಿದಿತ್ತು. ಹೋದದ್ದು ಒಬ್ಬಳು ಅಕ್ಕ, ಅವಳು ಹೊತ್ತಿದ್ದ ಒಂದು ಮೊಟ್ಟೆ.