ಚೀಟಿ ಒಲ್ಲದ ಜಾಡಿ

"ನಮ್ಮದು ಮೂರು ತಲೆಮಾರಿನ ಮನೆತನ. ದೊಡ್ಡ ದೊಡ್ಡ ಮದುವೆಗಳಿಗೆ ಉಪ್ಪಿನಕಾಯಿ ಕಾಯ್ದಿಟ್ಟವರು ನಾವು. ನಮ್ಮಿಂದ ಹೊಟ್ಟೆ ಕೆಟ್ಟಿತೆಂದು ಇದುವರೆಗೆ ಒಬ್ಬರೂ ಹೇಳಿಲ್ಲ," ಎಂದಳು ಪಿಂಗಾಣಿ ಜಾಡಿಯಮ್ಮ.

ಈಗ ಅವಳಿದ್ದದ್ದು ಬೆಳ್ಳಿಗೆ ಹೊಳಪು ಕೊಡುವ ಕಾರ್ಖಾನೆಯಲ್ಲಿ. ಅವಳೊಳಗೆ ತುಂಬಿದ್ದದ್ದು ಬಳಸಿ ಉಳಿದ ಆಸಿಡ್. ಅದು ಒಂದು ಕ್ಷಣವೂ ಸುಮ್ಮನಿರದೆ ಬುಸುಗುಡುತ್ತಿತ್ತು.

ವಿಷದ ಚೀಟಿ ಬಳಿ ಬಂದು, "ಅಮ್ಮ, ಬೇಗ ನನ್ನನ್ನು ಅಂಟಿಸಿಕೊಳ್ಳಿ. ಊಟದ ಹೊತ್ತಾಯಿತು," ಎಂದಿತು.

"ತಲೆಬುರುಡೆಯ ಚಿತ್ರ ನನ್ನ ಮೈಮೇಲೆಯೇ? ದೂರ ನಿಲ್ಲು."

"ಹಾಗಾದರೆ ಆಸಿಡ್ ಕಪಾಟಿಗಾದರೂ ಹೋಗಿ. ಇಲ್ಲಿ ಬುತ್ತಿಗಳಿವೆ."

"ಬುತ್ತಿಯ ಪಕ್ಕ ಕೂರುವುದು ನಮ್ಮ ವಂಶದ ಪದ್ಧತಿ."

ಊಟದ ಗಂಟೆ ಹೊಡೆಯಿತು. ಕೆಲಸದ ತಂಗೆವ್ವನ ಮೊಸರನ್ನದ ಡಬ್ಬಿಯಿಂದ ಮರದ ಚಮಚ ಎದ್ದು, ಜಾಡಿಯಮ್ಮನಿಗೆ ನಮಸ್ಕರಿಸಿ, ಉಪ್ಪಿನಕಾಯಿ ಇದೆಯೆಂದುಕೊಂಡು ಒಳಗಿಳಿಯಿತು. ಹೊಗೆ ಎದ್ದಿತು. ಚಮಚ ಹೊರಬಂದಾಗ ಅದರ ಅರ್ಧ ಮುಖ ಸುಟ್ಟುಹೋಗಿತ್ತು.

"ಒಂದು ಮಾತು ಕೇಳಿ ಇಳಿಯಬಾರದಿತ್ತೇ?" ಎಂದಳು ಜಾಡಿಯಮ್ಮ.

"ನಿಮ್ಮ ಮನೆತನ ನೋಡಿ ಇಳಿದೆ, ಹಾಗಾಗಿ ಕೇಳಲಿಲ್ಲ," ಎಂದಿತು ಚಮಚ. "ನಾನಿಲ್ಲದಿದ್ದರೆ ತಂಗೆವ್ವ ಬೆರಳು ಅದ್ದುತ್ತಿದ್ದಳು. ಅವಳ ಹತ್ತಿರ ಕ್ಷಮೆ ಕೇಳಿ."